ಹಡಗಿನೊಳಗಿನ ಹಗೇವು

ಆ ಮುಂಜಾನೆ ಆಳಂದದ ಮೇಲೆ ಮೋಡ ಮಾಳಿಗೆಗೆ ತಾಗುವಷ್ಟು ಕೆಳಗೆ ಇಳಿದಿತ್ತು. ಮಳೆ ಮಾತ್ರ ಬೀಳಲೊಲ್ಲದು. ಪಡುವಣ ಗಾಳಿ ಒಂದೇ ಸಮನೆ ಬೀಸಿ ದರ್ಗಾದ ಓಣಿಯ ಬೇವಿನ ಗಿಡಗಳನ್ನೆಲ್ಲ ಒಂದೇ ಮಗ್ಗುಲಿಗೆ ಬಾಗಿಸಿತ್ತು. ಸಡಿಲಿದ ತಗಡುಗಳನ್ನು ಎತ್ತಿ ಎತ್ತಿ ಬಡಿಯುತ್ತಿತ್ತು. ಶ್ರಾವಣದ ಮೊದಲ ಸೋಮವಾರ. ಗುರುಶಾಂತಮ್ಮ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಹೊರಗೆ ಬಂದಳು. ಪಕ್ಕದ ಮನೆಯ ನಜಮುನ್ನಿಸಾ ತನ್ನ ಕಟ್ಟೆಯ ಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ, ಕಂಬ ತಬ್ಬಿ ಕುಳಿತಿದ್ದಳು. ಗಿಡ ತೂಗಾಡುವುದನ್ನು ನೋಡಿದರೂ ಸಾಕು, ಆಕೆಗೆ ತಲೆ ಸುತ್ತುತ್ತಿತ್ತು.

"ಒಳಗ ಕುಂದ್ರಬಾರದೇನಬೇ?" ಎಂದಳು ಗುರುಶಾಂತಮ್ಮ.

"ಒಳಗ ಕುಂತ್ರ ಬರಾಂವ ಒಳಗ ಬರ್ತಾನ. ಅವನ್ನ ಹೊಸ್ತಲಾ ದಾಟಸಂಗಿಲ್ಲ ನಾ."

ಬರುವವನು ಆಕೆಯ ಒಡಹುಟ್ಟಿದ ತಮ್ಮ, ಜೇವರಗಿ ತಾಲೂಕಿನ ಕೊಳಕೂರಿನ ಮಲಂಗಸಾಬ. ಅವನ ಮನೆಯ ಮುಂದಿನ ಹಗೇವಿನಲ್ಲೇ ನಜಮುನ್ನಿಸಾಳ ಗಂಡ ಲಾಡ್ಲೇಸಾಬ ಸತ್ತದ್ದು. ನೆಲದಲ್ಲಿ ಬಾವಿಯ ಹಾಗೆ ತೋಡಿ, ಜೋಳ ತುಂಬಿ, ಬಾಯಿಗೆ ಬಂಡೆ ಎಳೆದು ಮುಚ್ಚಿಡುವ ಆ ಗುಳಿಯಲ್ಲಿ ಕಾಳು ಕೆಡುವುದಿಲ್ಲ, ಗಾಳಿ ಕೆಡುತ್ತದೆ. ಜೋಳ ತೆಗೆಯಲು ಇಳಿದ ಲಾಡ್ಲೇಸಾಬ ತಾನಾಗಿ ಮೇಲೆ ಬರಲಿಲ್ಲ, ಎತ್ತಿ ತರಬೇಕಾಯಿತು. ಮಣ್ಣು ಕೊಟ್ಟ ಮರುದಿನವೇ ನಜಮುನ್ನಿಸಾ ಕೊಳಕೂರ ಬಿಟ್ಟು ಆಳಂದದಲ್ಲಿ ಗಂಡನ ಕಡೆಯವರ ಹಳೆಯ ಮನೆ ಸೇರಿದಳು. ಅಂದಿನಿಂದ ತಮ್ಮನೊಂದಿಗೆ ಒಂದು ಮಾತೂ ಆಡಿಲ್ಲ.

ಈಗ ಆ ತಮ್ಮನೇ ಬೇಕಾಗಿದ್ದ. ಗಂಡನ ಪಾಲಿನ ಹೊಲ ಮಾರಿ ಹಜ್‌ಗೆ ಹೋಗಬೇಕೆಂದು ಆಕೆ ನಿಯತ್ತು ಮಾಡಿದ್ದಳು. ಹೆಣ್ಣು ಒಬ್ಬಳೇ ಹೋಗುವಂತಿಲ್ಲ. ಗಂಡ, ತಂದೆ, ಮಗ ಅಥವಾ ಒಡಹುಟ್ಟಿದವನು ಜೊತೆಗಿರಬೇಕು. ಗಂಡನಿಲ್ಲ, ತಂದೆಯಿಲ್ಲ, ಮಕ್ಕಳಾಗಲಿಲ್ಲ. ಭೂಮಿಯ ಮೇಲೆ ಉಳಿದವನು ಅವನೊಬ್ಬನೇ. ಮೇಲಾಗಿ ಈ ತಲೆಸುತ್ತು. ಕಿವಿಯೊಳಗೆ ಏನೋ ಕೆಟ್ಟಿದೆ, ಬಸ್ಸಿನಲ್ಲಿ ಕೂತರೇ ಇಷ್ಟು ಸಂಕಟಪಡುವ ಜೀವ ಸಮುದ್ರದ ಮೇಲೆ ತಡೆಯುವುದು ಕಷ್ಟ, ಹೋಗುವುದೇ ಆದರೆ ಹಡಗಿನಲ್ಲಿ ಅಲುಗಾಟ ಕಡಿಮೆ ಇರುವ, ಸದ್ದಿಲ್ಲದ ಖೋಲಿ ಹುಡುಕಿಕೊಂಡು ಹೋಗಿ ಎಂದು ಕಲಬುರ್ಗಿಯ ಡಾಕ್ಟರು ಹೇಳಿದ್ದರು. ಆಕೆ ದೇವರಲ್ಲಿ ಬೇರೇನೂ ಬೇಡಿರಲಿಲ್ಲ. ಕಾಬಾದ ಎದುರು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಹೊತ್ತು ಒಯ್ದು ಇಳಿಸುವ ಗಂಟಾಗಿ ಹೋಗಬಾರದು. ಅಷ್ಟೇ.

ಮಲಂಗಸಾಬನಿಗೂ ತನ್ನದೇ ಗರಜು ಇತ್ತು. ಒಡಹುಟ್ಟಿದವಳು ಮಾಫಿ ಕೊಡದಿದ್ದರೆ ನಿನ್ನ ಹಜ್ ಕಬೂಲಾಗುವುದಿಲ್ಲ ಎಂದು ಕೊಳಕೂರಿನ ಮಸೀದಿಯ ಕಟ್ಟೆಯ ಮೇಲೆ ಕುಳಿತವರೆಲ್ಲ ಅವನಿಗೆ ಚುಚ್ಚಿ ಚುಚ್ಚಿ ಹೇಳಿದ್ದರು. ಹೀಗೆ ಇಬ್ಬರೂ ಒಂದೇ ಪವಿತ್ರ ಊರಿಗೆ ಹೊರಟಿದ್ದರು, ಒಬ್ಬರನ್ನೊಬ್ಬರು ಹಗ್ಗದ ಹಾಗೆ ಬಳಸಿಕೊಂಡು.

ಮಲಂಗಸಾಬ ಬಂದವನೇ ಕಟ್ಟೆಯ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತ.

"ಗುರುಶಾಂತಕ್ಕಾ, ನಾ ಬಂದೇನಂತ ಹೇಳ್ರಿ."

"ಆಕಿಗೆ ಕಾಣಸಂಗಿಲ್ಲೇನಪಾ? ನಡುವ ಒಂದು ಮೊಳ ಜಾಗ ಅದ. ನಾ ಏನು ನಿಮಗ ತಾರಿನ ಕಂಬ ಆದೆನೇನು?"

"ಬಂದಾಂವಗ ಕೇಳಬೇ ಗುರುಶಾಂತಮ್ಮ," ಎಂದಳು ನಜಮುನ್ನಿಸಾ, ಗೆಳತಿಯ ಮುಖವನ್ನೇ ನೋಡುತ್ತ. "ಖೋಲಿ ಸಿಕ್ತೇನಂತ."

ಅಕ್ಕತಮ್ಮಂದಿರ ಜಗಳವೆಲ್ಲ ಕನ್ನಡದಲ್ಲೇ ನಡೆಯುತ್ತಿತ್ತು. ಮನೆಮಾತಿನಲ್ಲಿ ಬೈದರೆ ನಡುವಿನವಳಿಗೆ ತಲುಪಿಸಲು ಬಾರದಲ್ಲ.

ಖೋಲಿ ಸಿಕ್ಕಿತ್ತು. ಮಲಂಗಸಾಬ ತಾನೇ ಮುಂಬಯಿಗೆ ಹೋಗಿ ಆರಿಸಿ ಬಂದಿದ್ದ. ಹಡಗಿನ ಕಚೇರಿಯ ಗೋಡೆಯ ಮೇಲೆ ಹಡಗನ್ನು ಕಲ್ಲಂಗಡಿಯ ಹಾಗೆ ಸೀಳಿ ತೋರಿಸಿದ ಚಿತ್ರವಿತ್ತಂತೆ. ಅಂತಸ್ತಿನ ಮೇಲೆ ಅಂತಸ್ತು, ಜೇನುಗೂಡಿನ ಹಾಗೆ ಖೋಲಿಗಳು. ಬಂದವರೆಲ್ಲ ಮೇಲಿನದು ಬೇಕು, ಮುಂದಿನದು ಬೇಕು, ಕಿಟಕಿ ಬೇಕು ಎಂದು ಕೈ ಚಾಚುತ್ತಿದ್ದರು. ಇವನು ನಡುವಿನದರಲ್ಲಿ ಎಲ್ಲಕ್ಕಿಂತ ಕೆಳಗಿನದಕ್ಕೆ ಬೆರಳಿಟ್ಟಾಗ ಸಾಲಿನಲ್ಲಿದ್ದವರು ನಕ್ಕರು.

"ಹಾಜಿ ಆಗಿ ಬಂದವರನ್ನ ಕೇಳೀನ್ರಿ," ಎಂದ ಮಲಂಗಸಾಬ. "ಜೇವರಗಿ ಬಸ್ಸಿನ್ಯಾಗ ಹಿಂದ ಕುಂತಾಂವ ತಲಿ ಬಡಿಸ್ಕೋತಾನ, ನಡುವ ಕುಂತಾಂವ ನಿದ್ದಿ ಹೊಡಿತಾನ. ಹಡಗಾದ್ರೂ ಹಂಗೇ ಅಂತ. ಮುಂದ ಕುಂತ್ರ ಮುಗಲಿಗಿ ಒಗೆದು ಪಾತಾಳಕ್ಕ ಒಗಿತದ. ಮ್ಯಾಲ ಹೋದಷ್ಟು ತೂಗಾಟ. ನಡುವ, ತೆಳಗ, ಯಂತ್ರಕ್ಕ ದೂರ. ಅಂಥಾದ್ದೇ ಹಿಡದೀನಿ. ಹೇಳ್ರಿ ಆಕಿಗೆ."

"ಕೇಳಿಸ್ತೇನಬೇ? ಚೊಲೋದು ಹಿಡದಾನ," ಎಂದಳು ಗುರುಶಾಂತಮ್ಮ. ಬಳಿಕ ತನ್ನ ಲೆಕ್ಕದಲ್ಲೇ ಕೇಳಿದಳು: "ಕಿಟಕಿ ಅದ ಏನಪಾ ಅದಕ್ಕ?"

"ಇಲ್ರಿ. ಅದು ನೀರಿನ ತೆಳಗ ಬರ್ತದ. ಕಿಟಕಿ ಇಟ್ರ ಸಮುದ್ರ ಒಳಗ ಬರ್ತದ."

ನಜಮುನ್ನಿಸಾಳ ಕೈಯಲ್ಲಿದ್ದ ಜಪಮಣಿ ನಿಂತಿತು.

"ಇಳಿಯೋದು ಹ್ಯಾಂಗಂತ ಕೇಳಬೇ."

"ಕಬ್ಬಿಣದ ಪಾವಟಿಗಿ ಅವ."

"ಗಾಳಿ?"

"ಮ್ಯಾಲಿಂದ ಕೊಳವಿ ಬಿಟ್ಟಾರ."

ಆಕೆ ನಕ್ಕಳು. ಆ ನಗೆ ಕೇಳಿ ಗುರುಶಾಂತಮ್ಮ ಸೆರಗು ಬಿಗಿದುಕೊಂಡಳು.

"ಹಗೇವು," ಎಂದಳು ನಜಮುನ್ನಿಸಾ. "ಕಂಡೇನು ಗುರುಶಾಂತಮ್ಮ? ಹೋಗಿ ಹೋಗಿ ಹಡಗಿನ್ಯಾಗೂ ಹಗೇವೇ ಹುಡಕ್ಯಾನ. ಗಂಡನ್ನ ಕೊಳಕೂರ ಹಗೇವಿಗಿ ಇಳಿಸಿದ. ಹೆಂಡ್ತಿನ್ನ ಸಮುದ್ರದ ಹಗೇವಿಗಿ ಇಳಸ್ತಾನ. ಜೋಡಿ ಕೂಡಸ್ತೇನಿ ಅಂತಾನ ಪಾಪ."

ಮಲಂಗಸಾಬನ ಮುಖ ಕಪ್ಪಿಟ್ಟಿತು. "ಹೇಳ್ರಿ ಆಕಿಗೆ. ಮ್ಯಾಲಿನ ಖೋಲ್ಯಾಗ ಕುಂತ್ರ ಜಿದ್ದಾ ಬಂದರ ಮುಟ್ಟೋದ್ರಾಗ ಹೆಣ ಆಗ್ತಾಳ. ಹಡಗಿನ್ಯಾಗ ಸತ್ತವರಿಗಿ ಮಣ್ಣು ಸುದ್ದಾ ಸಿಗಂಗಿಲ್ಲ, ನೀರಿಗಿ ಬಿಡ್ತಾರ."

"ಇವನ ಮಣ್ಣಿಗಿಂತ ನೀರು ಚೊಲೋ ಅಂತ ಹೇಳಬೇ."

"ಹೇಳಂಗಿಲ್ಲ ನಾ," ಎಂದಳು ಗುರುಶಾಂತಮ್ಮ. "ಇವತ್ತ ಸೋಮವಾರ ಅದ, ಉಪಾಸ ಅದೀನಿ. ನನ್ನ ಬಾಯಿಲೆ ಇಂಥಾ ಮಾತು ಆಡಿಸಿದ್ರ ಸಾಂಬಶಿವ ನನಗ ಕೇಳ್ತಾನ, ನಿಮಗಲ್ಲ."

ಆಮೇಲೆ ಮಲಂಗಸಾಬ ತಲೆಯ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಹಜ್‌ಗೆ ಹೊರಟವರೆಲ್ಲ ಊರಿಗೆಲ್ಲ ಕೇಳುವ ಮಾತನ್ನು ಕೇಳಿದ. ಆಡಿದ್ದು ಅಂದದ್ದು ಮಾಫ್ ಮಾಡಬೇಕು ಅಂತ ಹೇಳ್ರಿ, ಎಂದ. ಅವನ ದನಿಯಲ್ಲಿ ದೈನ್ಯಕ್ಕಿಂತ ಹೆಚ್ಚಾಗಿ ಒಂದು ಕೆಲಸ ಮುಗಿಸುವ ಅವಸರವಿತ್ತು. ನಜಮುನ್ನಿಸಾಳಿಗೆ ಅದು ತಿಳಿಯಿತು.

"ನಾ ಮಾಫಿ ಕೊಡದಿದ್ರ ಅವನ ಹಜ್ ಕೂಡಂಗಿಲ್ಲಂತ. ಗೊತ್ತದ ನನಗ. ಗೊತ್ತದ ಅಂತೇ ಕೊಡಂಗಿಲ್ಲ. ಬಂದ ಬಸ್ಸಿಗೇ ಹೋಗು ಅನ್ನಬೇ ಅವಗ."

ಮಾಫಿ ಸಿಗದಿದ್ದರೂ ಅಕ್ಕತಮ್ಮಂದಿರ ಪ್ರಯಾಣ ನಿಲ್ಲಲಿಲ್ಲ. ಹೊರಡುವ ದಿನ ಗುರುಶಾಂತಮ್ಮ ಸೆರಗಿನ ತುದಿಯಲ್ಲಿ ಒಣಶುಂಠಿ ಕಟ್ಟಿಕೊಟ್ಟು, ಗೆಳತಿಯ ಕೈ ಹಿಡಿದು ಅತ್ತಳು. ಅಲ್ಲಿ ನಡುವೆ ಮಾತು ದಾಟಿಸಲು ನಾನಿರುವುದಿಲ್ಲ ಎಂಬ ಚಿಂತೆಯೇ ಆಕೆಗೆ ಹೆಚ್ಚಾಗಿತ್ತು. "ಅಲ್ಲಿ ಯಾರ ಮುಂದ ಬೈತೀಯಬೇ ಅವನ್ನ?" ಎಂದು ಕೇಳಿದಳು. "ಗ್ವಾಡಿ ಇರ್ತಾವಲ್ಲ," ಎಂದಳು ನಜಮುನ್ನಿಸಾ.

ಹಾಗೆಯೇ ಆಯಿತು. ರೈಲಿನಲ್ಲಿ ಆಕೆ ಕಿಟಕಿಯ ಸರಳಿಗೆ ಹೇಳಿದಳು, ಮುಂಬಯಿಯ ಮುಸಾಫಿರಖಾನೆಯಲ್ಲಿ ಕಂಬಕ್ಕೆ ಹೇಳಿದಳು, ಬಂದರಿನಲ್ಲಿ ತನ್ನ ಗಂಟಿಗೆ ಹೇಳಿದಳು. ತಮ್ಮ ಕೇಳಿಸಿಕೊಂಡು ನೀರು ತಂದ, ಅನ್ನ ತಂದ, ಸಾಮಾನು ಹೊತ್ತ. ಅವನೂ ಸುಮ್ಮನಿರಲಿಲ್ಲ, ಹೊತ್ತ ಗಂಟನ್ನು ನೆಲಕ್ಕೆ ಒಗೆದು ಒಗೆದು ಇಳಿಸುತ್ತಿದ್ದ.

ಮುಸಾಫಿರಖಾನೆಯಲ್ಲಿ ಅವರ ಮಗ್ಗುಲಿಗೇ ಇಳಿದವನು ಅಫಜಲಪುರ ತಾಲೂಕಿನ ಕರಜಗಿಯ ದಾವಲಸಾಬ. ಕಬ್ಬಿನ ಗದ್ದೆಗೆ ನೀರು ಬಂದ ಮೇಲೆ ದನಿಯೂ ದೊಡ್ಡದಾದ ಮನುಷ್ಯ. ಮೇಲಂತಸ್ತಿನ ಮುಂಭಾಗದಲ್ಲಿ ದುಂಡನೆಯ ಕಿಟಕಿಯ ಖೋಲಿ ಸಿಕ್ಕಿದೆ ಎಂದು ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದ. "ಮಲಗಿದಲ್ಲಿಂದ ಸಮುದ್ರ ಕಾಣ್ತದ್ರಿ. ನಮ್ಮ ಭೀಮಾ ಹೊಳಿ ಇದರ ಮುಂದ ಎಮ್ಮಿ ಉಚ್ಚಿ." ಅವನ ಹೆಂಡತಿ ಮೌಲಾಬಿ ಗಂಡನ ಮಾತಿಗೆ ಕಿವಿಗೊಡದೆ ತನ್ನ ಎರಡೂ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

ಹಡಗು ಹತ್ತಿದ ದಿನ ಮಲಂಗಸಾಬ ಗಂಟು ಹೊತ್ತು ಮುಂದೆ ನಡೆದ, ನಜಮುನ್ನಿಸಾ ನಾಲ್ಕು ಹೆಜ್ಜೆ ಹಿಂದೆ. ಕೆಳಗಿಳಿಯುವ ಪಾವಟಿಗೆಯ ಬಾಯಿಗೆ ಬಂದದ್ದೇ ಆಕೆ ನಿಂತುಬಿಟ್ಟಳು. ಕೆಳಗೆ ಕತ್ತಲು. ಮುಚ್ಚಿದ ಜಾಗದ ಬಿಸಿ ವಾಸನೆಯೊಂದು ಮುಖಕ್ಕೆ ಬಡಿಯಿತು, ಬಂಡೆ ಸರಿಸಿದ ಹಗೇವಿನಿಂದ ಬಡಿಯುವ ಹಾಗೆಯೇ. ಆಕೆ ತಿರುಗಿ ನಾಲ್ಕು ಹೆಜ್ಜೆ ಬಂದು ಬಯಲಿನಲ್ಲಿ ಕುಳಿತಳು.

"ನಾ ಇಳಿಯಂಗಿಲ್ಲ," ಎಂದು ಎದುರಿನ ಕಬ್ಬಿಣದ ಕಟಾಂಜನಕ್ಕೆ ಹೇಳಿದಳು. "ಇಳಿಸಬೇಕಂದ್ರ ಹೆಣ ಮಾಡಿ ಇಳಿಸಲಿ. ರೂಢಿ ಅದ ಅವಗ."

ಗದ್ದಲಕ್ಕೆ ದಾವಲಸಾಬ, ಮೌಲಾಬಿ ಇಬ್ಬರೂ ಬಂದರು. ಮೇಲಿನ ಖೋಲಿಗೆ ಎರಡು ಸಾಲು ಪಾವಟಿಗೆ ಹತ್ತಬೇಕು, ಕೆಳಗಿನದಕ್ಕೆ ಒಂದೇ ಸಾಲು ಇಳಿಯಬೇಕು ಎಂದು ತಿಳಿದದ್ದೇ ಮೌಲಾಬಿ ಮಾತು ತೆಗೆದಳು.

"ಅಯ್ಯ, ನಮ್ದು ತಗೋರಿ ನೀವು. ಕಿಟಕಿ ನೋಡಿ ನಾ ಏನು ಮಾಡಲಿ, ಸಮುದ್ರದಾಗ ಯಾರರ ಹಾದು ಹೋಗ್ತಾರೇನು?"

"ಬ್ಯಾಡ್ರಿ," ಎಂದ ಮಲಂಗಸಾಬ, ದಾವಲಸಾಬನ ಕಡೆ ತಿರುಗಿ. "ಆಕಿಗೆ ತಲಿ ತಿರಗೋ ಬ್ಯಾನಿ ಅದ. ಮ್ಯಾಲ ತಡಿಯಂಗಿಲ್ಲ. ಡಾಕ್ಟರೇ ಹೇಳ್ಯಾರ."

"ತಡಿತೇನಿ," ಎಂದಳು ನಜಮುನ್ನಿಸಾ ಕಟಾಂಜನಕ್ಕೆ.

ದಾವಲಸಾಬನಿಗೆ ಕಿಟಕಿ ಬಿಡಲು ಮನಸ್ಸಿರಲಿಲ್ಲ. ಆದರೆ ಹೆಂಡತಿ ಆಗಲೇ ಒಂದೊಂದೇ ಪಾವಟಿಗೆಗೆ ಕುಂಡೆಯೂರಿ ಕೂತು ಕೂತು ಕೆಳಗಿಳಿಯತೊಡಗಿದ್ದಳು. ಅವನು ಮೀಸೆಯಿಲ್ಲದ ತುಟಿ ಕಚ್ಚಿ ಹೇಳಿದ: "ನಿಮ್ಮಕ್ಕ ಹೂಂ ಅಂದಾಳ, ನನ್ನ ಹೆಂಡ್ತಿ ಹೂಂ ಅಂದಾಳ. ಬದಲಾ ಅಂದ್ರ ಬದಲಾ. ನಾಳಿಗಿ ಎತ್ತು ಕುಂಟ ಅದ ಅಂತ ತಿರುಗಿ ಬರಬ್ಯಾಡ್ರಿ ಮತ್ತ."

ದಂಡೆ ಕಾಣುವಷ್ಟು ಹೊತ್ತು ನಜಮುನ್ನಿಸಾ ಆ ದುಂಡು ಕಿಟಕಿಯ ಹತ್ತಿರ ಕುಳಿತು ಬೆಳಕು ನೋಡಿದಳು. ನೆಲ ಮರೆಯಾದ ಮೇಲೆ ಪಡುವಣ ಗಾಳಿಯ ತೆರೆಗಳು ಎದುರಾದವು. ಹಡಗಿನ ಮೂತಿ ಮುಗಿಲಿಗೆ ಎದ್ದು, ಅಲ್ಲಿ ಒಂದು ಗಳಿಗೆ ಯೋಚಿಸಿದಂತೆ ನಿಂತು, ಕೆಳಗೆ ಬೀಳುತ್ತಿತ್ತು. ಕಿಟಕಿಯಲ್ಲಿ ಒಮ್ಮೆ ಬರೀ ಆಕಾಶ, ಒಮ್ಮೆ ಬರೀ ನೀರು. ಆಕೆ ಚಾದರ ಎಳೆದು ಕಿಟಕಿ ಮುಚ್ಚಿದಳು. ಆದರೂ ಖೋಲಿ ಏಳುವುದು, ಬೀಳುವುದು ನಿಲ್ಲಲಿಲ್ಲ. ಹೊಟ್ಟೆಯಲ್ಲಿದ್ದದ್ದೆಲ್ಲ ಹೋಯಿತು, ಆಮೇಲೆ ಹಳದಿ ನೀರು, ಆಮೇಲೆ ಬರೀ ಸದ್ದು.

ಒಳಗೆ ಬರಲು ಬಿಡುವುದಿಲ್ಲವೆಂದು ಮಲಂಗಸಾಬ ಬಾಗಿಲ ಹೊರಗೆ ಹಾಸಿಕೊಂಡಿದ್ದ. ನಿಂಬೆಹಣ್ಣು ತಂದು ಹೊಸ್ತಿಲ ಮೇಲಿಟ್ಟ. ಅದು ಹೊರಳಿ ಹೊರಗೇ ಬಂತು. ಹಡಗು ಹೊರಳಿಸಿತೋ, ಆಕೆಯ ಕಾಲು ಹೊರಳಿಸಿತೋ, ಅವನು ಕೇಳಲಿಲ್ಲ. ಗಂಜಿ ತಂದ. "ಇಲಿಗಿ ಇಟ್ಟಂಗ ಇಡ್ತಾನ," ಎಂದು ಗೋಡೆಗೆ ಹೇಳುವ ದನಿ ಕೇಳಿತು. ಮರುದಿನ ಆ ದನಿಯೂ ಇಲ್ಲ. ಕುಳಿತು ನಮಾಜು ಮಾಡುತ್ತಿದ್ದವಳು ಮಲಗಿ ಮಾಡಿದಳು. ಆಮೇಲೆ ಕಣ್ಣುರೆಪ್ಪೆಯಲ್ಲಿ ಮಾಡಿದಳು. ದೇವರು ರೆಪ್ಪೆಯ ಬಾಗುವಿಕೆಯನ್ನೂ ಬಾಗುವಿಕೆಯೆಂದೇ ಎಣಿಸುತ್ತಾನೆ. ಆದರೆ ಆಕೆ ಬೇಡಿದ್ದು ನಿಲ್ಲುವುದನ್ನು.

ಹಡಗಿನ ಡಾಕ್ಟರು ಸೂಜಿ ಚುಚ್ಚಿ, ನಾಡಿ ಹಿಡಿದು, ಹೊರಗೆ ಬಂದು ಮಲಂಗಸಾಬನಿಗೆ ನೆಟ್ಟಗೆ ಹೇಳಿದರು. ಕೆಳಗೆ, ನಡುವಿಗೆ ಒಯ್ಯಿರಿ. ಇಲ್ಲೇ ಇಟ್ಟುಕೊಂಡರೆ ದಂಡೆ ಮುಟ್ಟುತ್ತಾರೆಂದು ನಾನು ಹೇಳಲಾರೆ.

ಮಲಂಗಸಾಬ ಕೆಳಗಿನ ಖೋಲಿಗೆ ಹೋದ. ದಾವಲಸಾಬ ತಟ್ಟೆಯ ತುಂಬ ಅನ್ನ ಕಲಸಿಕೊಂಡು ಉಣ್ಣುತ್ತಿದ್ದ. ತಟ್ಟೆಯಲ್ಲಿ ಸಾರು ಅಲುಗುತ್ತಿರಲಿಲ್ಲ.

"ಖೋಲಿ ತಿರುಗಿ ಕೊಡ್ರಿ ದಾವಲಸಾಬ."

"ಅವತ್ತೇ ಹೇಳಿದ್ನಲ್ಲ ನಾ."

"ಆಕಿ ಸಾಯಾಕತ್ತಾಳ್ರಿ."

"ಈಗ ಕರುಣಾ ಬಂತೇನು?" ದಾವಲಸಾಬ ತುತ್ತು ನುಂಗಿ, ನೀರು ಕುಡಿದು, ನಿಧಾನವಾಗಿ ಅಂದ. "ಮುಸಾಫಿರಖಾನ್ಯಾಗ ಆಕಿ ಕಂಬಕ್ಕ ಹೇಳಿದ್ದು ಕಂಬ ಅಷ್ಟೇ ಕೇಳಿಲ್ಲ, ನಾವೂ ಕೇಳೀವಿ. ಅಕ್ಕನ ಗಂಡನ್ನ ಹಗೇವಿನ್ಯಾಗ ಬಿಟ್ಟು ಹೋದಾಂವ ನೀನು. ಇಂಥಾಂವ ನೀರು ತಂದು ಕೊಟ್ರೂ ನಾ ಕುಡಿತಿದ್ದಿಲ್ಲ. ಆಕಿ ಇಲ್ಲಿ ಬರಂಗಿಲ್ಲ ಅಂದದ್ದು ತಪ್ಪಲ್ಲ."

ಮಲಂಗಸಾಬನ ಕೈ ಮುಷ್ಟಿಯಾಯಿತು. ಹಜ್‌ಗೆ ಹೊರಟ ಮನುಷ್ಯ, ಎತ್ತಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದು ನಿಂತ.

"ನನ್ನ ಬಯ್ರಿ. ಖೋಲಿ ಕೊಡ್ರಿ."

"ಕೊಡಂಗಿಲ್ಲ."

ಮೂಲೆಯಲ್ಲಿದ್ದ ಮೌಲಾಬಿ ಎಣ್ಣೆಯ ಸೀಸೆಗೆ ಬೂಚು ಹಾಕಿದಳು. ಚಾದರ ಮಡಿಚಿ ಗಂಟು ಕಟ್ಟಿದಳು.

"ಎಲ್ಲಿಗಿ ಹೊಂಟೀ?" ಎಂದ ಗಂಡ.

"ಮ್ಯಾಲ. ನಿನ್ನ ಕಿಟಕ್ಯಾಗ ಸಮುದ್ರ ನೋಡಾಕ. ಮುಂಬೈದಾಗ ಊರೆಲ್ಲಾ ಕರದು ತೋರಸ್ತಿದ್ದಿ, ಬಾ ಈಗ."

"ನಿನ್ನ ಮೊಳಕಾಲು?"

"ಅಲ್ಲಿ ಹೋಗಿ ಅಲ್ಲಾನ ಮುಂದ ಊರಬೇಕಾದ ಮೊಳಕಾಲು ಅವ. ಒಬ್ಬಾಕಿನ್ನ ನೀರಿಗಿ ಬಿಟ್ಟು ಹೋಗಿ ಯಾವ ಮುಖದಿಂದ ಊರಲಿ? ಏಳು, ಕೈ ತೊಳಿ. ನನಗ ಉಲ್ಟಿ ಬರಂಗಿಲ್ಲ, ನಿನ್ನ ಮಾತು ಕೇಳಿ ಕೇಳಿ ಹೊಟ್ಟಿ ಗಟ್ಟಿ ಆಗ್ಯಾದ."

ದಾವಲಸಾಬ ಹೆಂಡತಿಯ ಗಂಟು ಹೊತ್ತು ಎದ್ದ. ಹೋಗುವಾಗ ಮಲಂಗಸಾಬನ ಮೈಗೆ ಮೈ ತಾಗದಂತೆ ಗೋಡೆಗೆ ಸರಿದು ಹೋದ.

ಹಡಗಿನ ಇಬ್ಬರು ಆಳುಗಳು ನಜಮುನ್ನಿಸಾಳನ್ನು ಕುರ್ಚಿಯಲ್ಲಿ ಕೂಡಿಸಿ ಪಾವಟಿಗೆಯ ಬಾಯಿಯವರೆಗೆ ತಂದರು. ಅಲ್ಲಿ, ಎಲ್ಲಿಂದ ಬಲ ಬಂತೋ, ಆಕೆ ಕಬ್ಬಿಣದ ಕಂಬಿಯನ್ನು ಎರಡೂ ಕೈಯಿಂದ ಹಿಡಿದಳು. ಬೆರಳು ಬಿಡಿಸಲು ಹೋದವರ ಕೈ ಕಚ್ಚಿದಳು. ಅವರು ಬೈದುಕೊಂಡು, ನೀವೇ ನೋಡಿಕೊಳ್ಳಿ ಎಂದು ಹೊರಟುಹೋದರು. ಪಾವಟಿಗೆಯ ಮೇಲೆ ಅಕ್ಕತಮ್ಮ ಇಬ್ಬರೇ ಉಳಿದರು.

"ಇಳಿಬೇಕು ಆಪಾ," ಎಂದ ಮಲಂಗಸಾಬ. ಎಷ್ಟೋ ವರ್ಷದ ಮೇಲೆ ಅಕ್ಕನಿಗೆ ನೇರವಾಗಿ ಆಡಿದ ಮಾತು. "ನಿನ್ನ ಖೋಲಿ ಅದು."

ಆಕೆ ಕಂಬಿಗೆ ಹಣೆ ಹಚ್ಚಿದಳು. ಕಂಬಿಗೇ ಹೇಳಿದಳು. "ಹಗೇವಿಗಿ ಒಬ್ಬ ಇಳಿದ್ರ, ಮ್ಯಾಲ ಒಬ್ಬ ಕುಂತು ಕರಿಬೇಕು. ಕರದಾಗೊಮ್ಮೆ ತೆಳಗಿನಾಂವ ಓ ಅನ್ನಬೇಕು. ಓ ಬರದಿದ್ರ ಹಗ್ಗ ಜಗ್ಗಬೇಕು. ಕೂಸುಗಳಿಗಿ ಸುದ್ದಾ ಗೊತ್ತದ ಇದು. ಅವತ್ತ ಮ್ಯಾಲ ಕುಂತಾಂವ ಯಾರು? ಎದ್ದು ಹೋದಾಂವ ಯಾರು? ನನ್ನ ಗಂಡ ಓ ಅನ್ನಾಕ ತಯಾರಿದ್ದ. ಕರಿಲೇ ಇಲ್ಲ ಅವನ್ನ. ಇಲ್ಲಿ ನನ್ನ ಕರಿಯೋರು ಯಾರು?"

ಕೊಳಕೂರಿನಲ್ಲಿ ಈ ಮಾತಿಗೆ ಮಲಂಗಸಾಬ ಹಲವು ಉತ್ತರ ಕೊಟ್ಟಿದ್ದ. ಚೀಲ ತರಲು ಹೋಗಿದ್ದೆ ಎಂದಿದ್ದ. ಬಾಗಿಲಲ್ಲಿ ಯಾರೋ ಕರೆದರು ಎಂದಿದ್ದ. ಅವನೇ ದುಡುಕಿ ಬೇಗ ಇಳಿದ ಎಂದೂ ಅಂದಿದ್ದ. ಸುತ್ತ ನೀರು ಬಿಟ್ಟು ಬೇರೇನೂ ಇಲ್ಲದ ಆ ಜಾಗದಲ್ಲಿ ಅವನಿಗೆ ಅವು ಯಾವುವೂ ಬಾಯಿಗೆ ಬರಲಿಲ್ಲ.

"ಹೌದು," ಎಂದ. "ಕರಿಲಿಲ್ಲ."

ಬಳಿಕ ಆಕೆಯನ್ನು ಅಲ್ಲೇ ಬಿಟ್ಟು ಪಾವಟಿಗೆ ಇಳಿದ. ಖೋಲಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದಲೇ ಮೇಲೆ ಕೇಳುವಂತೆ ಹೇಳುತ್ತ ಹೋದ. ಗಾಳಿ ಅದ. ಕೊಳವಿ ಬಾಯಿಗಿ ಕೈ ಹಿಡದೀನಿ, ತಣ್ಣಗ ಬರಾಕತ್ತದ. ದೀಪ ಅದ. ಉಸಿರು ಸರಳ ಬರ್ತದ. ಹಗೇವಿನ ಒಡೆಯನಾದವನು ಬೇರೆಯವರನ್ನು ಇಳಿಸುವ ಮೊದಲು ಮಾಡಬೇಕಾದದ್ದನ್ನೆಲ್ಲ ಅವನು ಒಂದೊಂದಾಗಿ ಮಾಡಿದ. ನಜಮುನ್ನಿಸಾ ಕೇಳುತ್ತಿದ್ದಳು. ಹಡಗು ದೊಡ್ಡದೊಂದು ತೆರೆ ಹತ್ತಿ ಬಿತ್ತು. ಆಕೆಯ ಕೈ ತಾನಾಗಿ ಸಡಿಲಿತು. ಮಲಂಗಸಾಬ ಬಾಗಿಲು ತೆರೆದು ಬಂದು, ಬೈಗುಳ ಬರುವುದೋ ಎಂದು ಒಂದು ಕ್ಷಣ ಕಾದು, ಅಕ್ಕನನ್ನು ಎತ್ತಿಕೊಂಡು ಇಳಿದ. ಬೈಯುವಷ್ಟು ಕಸುವು ಆಕೆಯಲ್ಲಿರಲಿಲ್ಲ. ಮುಖ ಮಾತ್ರ ಅವನ ಹೆಗಲಿನಿಂದ ಆಚೆಗೆ ತಿರುಗಿಸಿಕೊಂಡಿದ್ದಳು.

ಆಕೆಯನ್ನು ಮಲಗಿಸಿ, ಅವನು ಹೊಸ್ತಿಲ ಹೊರಗೆ ಬಂದು ಕುಳಿತ. ಬಾಗಿಲು ತೆರೆದೇ ಇಟ್ಟ. ಕುಳಿತವನೇ ಕರೆದ.

"ಆಪಾ."

ಉತ್ತರವಿಲ್ಲ. ಬಾಗಿ ಒಳಗೆ ನೋಡಿದ. ಎದೆ ಏರಿ ಇಳಿಯುತ್ತಿತ್ತು. ಸರಿದು ಕುಳಿತ. ಸ್ವಲ್ಪ ಹೊತ್ತಿಗೆ ಮತ್ತೆ ಕರೆದ. ಮತ್ತೆ ಬಾಗಿ ನೋಡಿದ.

ಆ ಓಣಿಯಂಥ ದಾರಿಯಲ್ಲಿ ಹೋಗುವವರು ಬರುವವರು ಅವನ ಕಾಲು ದಾಟಿಕೊಂಡು ಹೋದರು. ಎದುರಿನ ಖೋಲಿಯ ಮುದುಕ ತಸ್ಬಿಯ ಮಣಿ ಎಣಿಸಲು ಬಿಡುವುದಿಲ್ಲವೆಂದು ಸಿಡುಕಿ ಬಾಗಿಲು ಹಾಕಿಕೊಂಡ. ಮರೆತು ಬಿಟ್ಟ ಚಪ್ಪಲಿ ಒಯ್ಯಲು ಬಂದ ದಾವಲಸಾಬ ನಿಂತು ನೋಡಿದ. ಕಿಟಕಿಯ ಖೋಲಿಗೆ ಹೋದ ಮೇಲೆ ಅವನ ಮುಖವೂ ಬಿಳಿಚಿಕೊಂಡಿತ್ತು.

"ಆಡು ಕಳಕೊಂಡವರಂಗ ಒದರಾಕತ್ತೀರಲ್ಲ."

ಮಲಂಗಸಾಬ ತಲೆ ಎತ್ತಲಿಲ್ಲ. "ಆಪಾ," ಎಂದ.

ನಜಮುನ್ನಿಸಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಡಗು ತೂಗುವುದು ನಿಂತಿರಲಿಲ್ಲ. ಆದರೆ ತೊಟ್ಟಿಲು ತೂಗುವಾಗ ಅದನ್ನು ಕಟ್ಟಿದ ತೊಲೆ ಹೇಗೆ ತನ್ನ ಜಾಗದಲ್ಲಿ ತಾನಿರುತ್ತದೋ ಹಾಗಿತ್ತು ಆ ಖೋಲಿ. ಮೊದಲು ಹೊಟ್ಟೆಯಲ್ಲಿ ನೀರು ನಿಂತಿತು, ಆಮೇಲೆ ಶುಂಠಿಯ ಚೂರು, ಆಮೇಲೆ ಎರಡು ಗುಟುಕು ಗಂಜಿ. ಪ್ರತಿ ಸಲ ಹೊಸ್ತಿಲಿನಿಂದ ಆ ಕೂಗು ಬಂದಾಗಲೂ ಆಕೆಯ ಹಲ್ಲು ಬಿಗಿಯುತ್ತಿತ್ತು. ಇಷ್ಟು ಸಲ ಕರೆಯಲು ಬರುತ್ತಿತ್ತಲ್ಲ ಇವನಿಗೆ, ಎಂದುಕೊಳ್ಳುತ್ತಿದ್ದಳು. ನಾಲಿಗೆ ಇತ್ತಲ್ಲ. ದನಿ ಇತ್ತಲ್ಲ. ಒಂದು ಸಲ ಕರೆದಿದ್ದರೆ ಸಾಕಿತ್ತಲ್ಲ.

ಮರುದಿನ ಇಳಿಹೊತ್ತಿನ ಅಸರ್ ನಮಾಜಿಗೆ ಆಕೆ ಎದ್ದು ಕುಳಿತಳು. ಮಂಚದ ಕಂಬಿ ಹಿಡಿದು ಕಾಲು ಕೆಳಗೆ ಬಿಟ್ಟಳು. ನೆಲ ಜಾರಲಿಲ್ಲ. ನಿಂತಳು. ಕೈ ಬಿಟ್ಟು ನಿಂತಳು. ಮಕ್ಕಾದ ಕಡೆಗೆ ತಿರುಗಿ, ಎದೆಯ ಮೇಲೆ ಕೈ ಕಟ್ಟಿ, ನಿಂತೇ ನಮಾಜು ಮುಗಿಸಿದಳು. ಮುಗಿಸಿ ಕುಳಿತಾಗ ಕಣ್ಣಲ್ಲಿ ನೀರಿತ್ತು. ಆ ನೀರಿನ ನಡುವೆಯೇ ಏನೋ ಒಂದು ಇಲ್ಲ ಎಂದು ಆಕೆಗೆ ಅನಿಸಿತು.

ಹೊಸ್ತಿಲಿನಿಂದ ಕೂಗು ಬಂದಿರಲಿಲ್ಲ.

ಆಕೆ ಕಾದಳು. ಯಂತ್ರದ ಸದ್ದು ದೂರದಲ್ಲಿ ಗುಂಯ್‌ಗುಡುತ್ತಿತ್ತು. ಬಾಗಿಲ ಆಚೆ ಅವನ ಪಾದದ ತುದಿ ಕಾಣುತ್ತಿತ್ತು, ಅಲುಗುತ್ತಿರಲಿಲ್ಲ. ಕೊಳಕೂರಿನ ಅಂಗಳದಲ್ಲಿ ಅಂದು ಹೀಗೆಯೇ ಇತ್ತು. ಎಲ್ಲ ಸದ್ದುಗಳೂ ಇದ್ದವು, ಆ ಒಂದು ಸದ್ದು ಮಾತ್ರ ಇರಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಆಕೆಗೂ ಅದು ಇಲ್ಲವೆಂದು ಹೊಳೆದಿರಲಿಲ್ಲ. ಈಗ ಹೊಳೆಯಿತು. ಆಕೆ ಮಂಚದ ಕಂಬಿಯನ್ನು ಮತ್ತೆ ಹಿಡಿದುಕೊಂಡಳು.

ಹೊರಗೆ ಕೆಮ್ಮಿದ ಸದ್ದಾಯಿತು. ಗೋಡೆಗೆ ಒರಗಿ ಕಣ್ಣು ಹತ್ತಿದ್ದ ಮಲಂಗಸಾಬ ಗಾಬರಿಯಿಂದ ಎಚ್ಚತ್ತು, ಒಡೆದ ಗಂಟಲನ್ನು ಸರಿಮಾಡಿಕೊಂಡು, ಮುಂದಕ್ಕೆ ಬಾಗಿ ಕರೆದ. ದನಿ ಇರಲಿಲ್ಲ, ಉಸಿರಷ್ಟೇ ಇತ್ತು.

"ಆಪಾ."

ನಜಮುನ್ನಿಸಾ ಅವನ ಕಡೆ ತಿರುಗಲಿಲ್ಲ. ನಮಾಜಿನ ಚಾದರ ಮಡಿಚಿದಳು, ಮಡಿಕೆಯ ಮೇಲೆ ಕೈಯಾಡಿಸಿದಳು. ಆಮೇಲೆ ಮೆಲ್ಲಗೆ, ಗೋಡೆಗಲ್ಲ, ಬಾಗಿಲಿಗೆ ಕೇಳುವಷ್ಟು ಅಂದಳು.

"ಓ."